ಟೆಕ್ಸಸ್ ರೈಫಲ್ಲು, ಮಧುಗಿರಿ ಹಂದಿ

ಕಡ್ಲೆಕಾಯಿ ಕಾಯಿ ಕಟ್ಟೋ ಹೊತ್ತು ಬಂತು ಅಂದ್ರೆ ಈ ಅಂಕಣಕ್ಕೆ ಬರೋ ಕಾಗದಗಳಲ್ಲಿ ಮುಕ್ಕಾಲು ಪಾಲು ಹಂದೀದೇ. ಈ ಸಲ ಅದರಲ್ಲೊಂದು ಅಮೆರಿಕಾ ಸುತ್ತಿಕೊಂಡು ಬಂದಿದೆ. ಅದಕ್ಕೇ ಜಾಸ್ತಿ ಜಾಗ ಕೊಟ್ಟಿದೀನಿ, ಮಿಕ್ಕೋರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಸಾರ್, ನಮ್ದು ಮಧುಗಿರಿ ತಾಲ್ಲೂಕು. ಬೆಟ್ಟದ ಬುಡದಲ್ಲಿ ನಾಲ್ಕೆಕ್ರೆ ಕಡ್ಲೆಕಾಯಿ ಹಾಕಿದೀನಿ, ಹೋದ್ವರ್ಷ ಒಂದೇ ರಾತ್ರೀಲಿ ಅರ್ಧ ಎಕ್ರೆ ಉತ್ತಂಗೆ ಮಾಡಿ ಹೋದ್ವು ಹಂದಿ. ನಮ್ಮಕ್ಕನ ಮಗ ಟೆಕ್ಸಸ್‌ನಲ್ಲವ್ನೆ, ಅವನು ರಾತ್ರಿ ಹೊತ್ತು ಹಂದಿ ಹೊಡ್ಯೋಕೆ ಅಂತ್ಲೇ ಕಸ್ಟಮ್ ರೈಫಲ್ ಜೋಡಿಸ್ಕೊಂಡವ್ನೆ, 300 ಬ್ಲ್ಯಾಕೌಟ್ ಅಂತೆ, ಮೇಲೆ ಥರ್ಮಲ್ ಸ್ಕೋಪು, ಮುಂದೆ ಸೈಲೆನ್ಸರು. ವಿಡಿಯೋ ಕಳಿಸಿದ್ದ, ಕಗ್ಗತ್ಲಲ್ಲಿ ಹಂದಿ ಟ್ಯೂಬ್‌ಲೈಟ್ ಥರ ಬೆಳ್ಳಗೆ ಕಾಣ್ತವೆ, ಟಪ್ ಟಪ್ ಅಂತ ಬೀಳ್ತವೆ. ನಮ್ಗೂ ಅಂಥದ್ದೊಂದು ಆಗ್ತದಾ? ರೈಫಲ್ ಆಗ್ದಿದ್ರೆ ಸ್ಕೋಪ್ ಒಂದಾದ್ರೂ ತರ್ಲಾ ಮಾವ ಅಂತವ್ನೆ. ನನ್ನತ್ರ ಅಪ್ಪನ ಕಾಲದ್ದು ಹನ್ನೆರಡು ಬೋರಿನ ಜೋಡಿ ನಳಿಗೆ ಕೋವಿ ಐತೆ, ಲೈಸೆನ್ಸ್ ನನ್ ಹೆಸರಿಗೆ ಆಗದೆ. ಅದಕ್ಕೇ ಸ್ಕೋಪ್ ಕೂರಿಸಬೌದಾ? – ಒಬ್ಬ ರೈತ, ಮಧುಗಿರಿ ತಾಲ್ಲೂಕು

ಉತ್ತರ: ಯಜಮಾನ್ರೇ, ಮೊದಲೇ ಹೇಳಿಬಿಡ್ತೀನಿ, ಆ ರೈಫಲ್ಲೂ ಆಗಲ್ಲ, ಸೈಲೆನ್ಸರಂತೂ ಕನಸಲ್ಲೂ ಬೇಡ, ಸ್ಕೋಪೂ ತರಿಸ್ಕೋಬೇಡಿ. ಆದ್ರೂ ನೀವು ಅಷ್ಟು ಆಸೆಯಿಂದ ಬರ್ದಿದೀರ, ನನಗೂ ಈ ಕೋವಿ ವಿಷಯ ಅಂದ್ರೆ ಸ್ವಲ್ಪ ಚಪಲ ಜಾಸ್ತಿ, ಹಾಗಾಗಿ ನಿಮ್ಮ ಅಳಿಯ ಏನು ಜೋಡಿಸ್ಕೊಂಡಿದಾನೆ ಅಂತ ಮೊದಲು ನೋಡೋಣ. ಅದು ಗೊತ್ತಾದ್ರೆ ಇಲ್ಲಿಗೆ ಯಾಕೆ ಬೇಡ ಅನ್ನೋದು ಅರ್ಧ ತಾನೇ ಗೊತ್ತಾಗುತ್ತೆ.

ಅಲ್ಲಿ ಎಆರ್-15 ಅಂತ ಒಂದು ಜಾತಿ ರೈಫಲ್ ಇದೆ, ಟ್ರ್ಯಾಕ್ಟರ್ ಇದ್ದಂಗೆ, ನೇಗಿಲು ಬೇಕಾ ರೋಟವೇಟರ್ ಬೇಕಾ ಹಿಂದೆ ಬದಲಾಯಿಸ್ಕೋಬಹುದು. 300 ಬ್ಲ್ಯಾಕೌಟ್ ಅನ್ನೋದು ಅದಕ್ಕೆ ಅಂತ್ಲೇ ಮಾಡಿದ ತೋಟಾ, 2011ರಲ್ಲಿ ಅಲ್ಲಿನ ಉದ್ಯಮದ ಮಾನ್ಯತೆ ಸಿಕ್ತು. ಅದರ ಮಾಮೂಲಿ 5.56 ಮಿಲಿಮೀಟರ್ ತೋಟಾದ ಪಿತ್ತಾಳೆ ಕವಚಾನೇ ಗಿಡ್ಡ ಮಾಡಿ, ಬಾಯಿ ಅಗಲ ಮಾಡಿ, ಅದಕ್ಕಿಂತ ದಪ್ಪದ 30 ಕ್ಯಾಲಿಬರ್ ಗುಂಡು ಕೂರಿಸಿದಾರೆ. ಹಾಗಾಗಿ ಬೋಲ್ಟು, ಮ್ಯಾಗಜೀನು (ತೋಟಾ ತುಂಬೋ ಡಬ್ಬಿ) ಎಲ್ಲಾ ಹಳೇದೇ ಆಗುತ್ತೆ, ಬ್ಯಾರಲ್ ಒಂದು ಬದಲಾಯಿಸಿದ್ರೆ ಸಾಕು. ಇದರಲ್ಲಿ ಎರಡು ಥರದ ತೋಟಾ. ಒಂದು ಹಗುರ, 110ರಿಂದ 125 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು, ಸೆಕೆಂಡಿಗೆ 2,200 ಅಡಿ ಮೇಲೆ ಹೋಗುತ್ತೆ. ಇನ್ನೊಂದು ಭಾರದ್ದು, 190ರಿಂದ 220 ಗ್ರೇನ್, ಬೇಕಂತಲೇ ಶಬ್ದದ ವೇಗಕ್ಕಿಂತ ಕೆಳಗೆ, ಸುಮಾರು 1,000 ಅಡಿ. ಶಬ್ದದ ವೇಗ ದಾಟಿದ ಗುಂಡು ದಾರಿಯುದ್ದಕ್ಕೂ ಚಾಟಿ ಬೀಸಿದಂಗೆ ಚಟ್ ಅನ್ನುತ್ತೆ, ಅದನ್ನ ಯಾವ ಸೈಲೆನ್ಸರೂ ತಡೆಯಲ್ಲ, ಅದಕ್ಕೇ ನಿಧಾನದ ಗುಂಡು. ಆದ್ರೆ ನಿಧಾನಕ್ಕೆ ಬೆಲೆ ತೆರಬೇಕಲ್ಲ, ಹಗುರದ ಗುಂಡಿಗೆ ಇರೋ ಹೊಡೆತದಲ್ಲಿ ಇದಕ್ಕೆ ಮೂರನೇ ಒಂದು ಭಾಗದ ಆಸುಪಾಸು ಅಷ್ಟೇ, ಮತ್ತೆ 50 ಗಜಕ್ಕೆ ಗುರಿ ಹೊಂದಿಸಿದ್ರೆ 100 ಗಜಕ್ಕೆ ಹೋಗೋ ಹೊತ್ತಿಗೆ ಅರ್ಧ ಅಡಿಗಿಂತ ಜಾಸ್ತಿ ಕೆಳಗೆ ಬಿದ್ದಿರುತ್ತೆ. ಕತ್ತಲಲ್ಲಿ ಹಂದಿ 50 ಗಜದಲ್ಲಿದೆಯೋ 100 ಗಜದಲ್ಲಿದೆಯೋ ಕಣ್ಣಳತೆಗೆ ಸಿಗಲ್ಲ, ಅದಕ್ಕೆ ಇನ್ನೊಂದು ಯಂತ್ರ, ಲೇಸರ್ ರೇಂಜ್‌ಫೈಂಡರ್. ಹಿಂಗೆ ಒಂದಕ್ಕೊಂದು ಸೇರ್ಕೊಂಡು ಹೋಗುತ್ತೆ, ಕಸ್ಟಮ್ ಅಂದ್ರೆ ಇದೇ.

ಒಂದು ಮಾತು, ಇದನ್ನ ಅಳಿಯನಿಗೆ ಹೇಳಿ. ಅವನ ಹತ್ರ 5.56 ಅಥವಾ ಅದೇ ಅಳತೆಯ 223 ರೈಫಲ್ಲೂ ಇದ್ರೆ ಎರಡರ ಮ್ಯಾಗಜೀನೂ ಒಂದೇ ಥರ ಇರುತ್ತೆ, ಕತ್ತಲಲ್ಲಿ ಅದಲುಬದಲಾಗಿ 300ರ ತೋಟಾ ಆ ಸಣ್ಣ ತೂತಿನ ಬ್ಯಾರಲ್ಲಿಗೆ ಹೋಯ್ತು ಅಂದ್ರೆ ಕೆಲವು ಸಲ ಒಳಗೆ ಕೂತೇಬಿಡುತ್ತೆ, ಕುದುರೆ (ಟ್ರಿಗರ್) ಎಳೆದ್ರೆ ರೈಫಲ್ಲೇ ಮುಖದ ಮುಂದೆ ಸಿಡಿಯುತ್ತೆ. ಅಲ್ಲಿಯವರು ಮ್ಯಾಗಜೀನಿಗೆ ಬಣ್ಣದ ಪಟ್ಟಿ ಸುತ್ತಿ ಬೇರೆ ಬೇರೆ ಇಟ್ಕೊಳ್ಳೋದು ಅದಕ್ಕೇ. ಇನ್ನು ಸೈಲೆನ್ಸರು ಸಿನಿಮಾದಲ್ಲಿ ತೋರ್ಸೋ ಹಾಗೆ ಪುಸ್ ಅನ್ನಲ್ಲ. ರೈಫಲ್ ಸದ್ದು 160 ಡೆಸಿಬಲ್ ಮೇಲಿರುತ್ತೆ, ಅದರಲ್ಲಿ 20ರಿಂದ 35 ಕಮ್ಮಿ ಆಗಬಹುದು, ಕಿವಿ ಉಳಿಯುತ್ತೆ ಅಷ್ಟೆ.

ಈಗ ಥರ್ಮಲ್ ವಿಷಯ, ನಿಮ್ಮ ಕಣ್ಣು ಕುಕ್ಕಿದ್ದು ಅದೇ ತಾನೇ. ಅದು ಬೆಳಕು ನೋಡಲ್ಲ, ಶಾಖ ನೋಡುತ್ತೆ. ಮೈಶಾಖದಿಂದ ಹೊರಡೋ 8ರಿಂದ 14 ಮೈಕ್ರಾನ್ ಅಲೆಯನ್ನ ಹಿಡಿದು ಚಿತ್ರ ಮಾಡುತ್ತೆ, ಅದಕ್ಕೇ ಅಮಾವಾಸ್ಯೆ ಆದ್ರೂ ಒಂದೇ ಹುಣ್ಣಿಮೆ ಆದ್ರೂ ಒಂದೇ. ಮಾಮೂಲಿ ಗಾಜಿನೊಳಗೆ ಆ ಅಲೆ ಹಾಯಲ್ಲ, ಅದಕ್ಕೇ ಜರ್ಮೇನಿಯಂ ಲೆನ್ಸ್ ಹಾಕ್ತಾರೆ, ಬೆಲೆ ಏರೋದಕ್ಕೆ ಅದೂ ಒಂದು ಕಾರಣ. ಜೀಪಿನ ಗಾಜು ಏರಿಸ್ಕೊಂಡು ಒಳಗಿಂದ ನೋಡಿದ್ರೆ ಏನೂ ಕಾಣಲ್ಲ. ಗುರಿ ಹೊಂದಿಸೋದೂ ತಮಾಷೆಯಾಗಿರುತ್ತೆ, ಕಾಗದದ ಮೇಲೆ ಬರೆದ ಕಪ್ಪು ಚುಕ್ಕೆ ಥರ್ಮಲ್ಲಿಗೆ ಕಾಣಲ್ವಲ್ಲ, ಕೈ ಬೆಚ್ಚಗಾಗಿಸೋ ಪೊಟ್ಟಣ ಸಿಗುತ್ತೆ ಅಲ್ಲಿ, ಅದನ್ನ ಹಲಗೆಗೆ ಅಂಟಿಸಿ ಅದಕ್ಕೆ ಗುರಿ ಇಡ್ತಾರೆ. ಸ್ಕೋಪು ಬ್ಯಾರಲ್‌ಗಿಂತ ಎರಡೂವರೆ ಇಂಚು ಮೇಲೆ ಕೂತಿರುತ್ತೆ, ಹಾಗಾಗಿ ಹತ್ತು ಹದಿನೈದು ಗಜದಲ್ಲಿ ಹೊಡೆದ್ರೆ ಗುಂಡು ನೋಡಿದ ಜಾಗಕ್ಕಿಂತ ಕೆಳಗೆ ಬೀಳುತ್ತೆ.

ಈಗ ಮುಖ್ಯವಾದದ್ದು. ಥರ್ಮಲ್ ಮಾರೋರು ಒಂದು ಮೈಲಿ ದೂರದ ಪ್ರಾಣಿ ಕಾಣುತ್ತೆ ಅಂತಾರೆ, ಸುಳ್ಳಲ್ಲ. ಆದ್ರೆ ಅಲ್ಲೇನೋ ಬೆಚ್ಚಗಿರೋದು ಇದೆ ಅಂತ ಕಾಣೋದು ಬೇರೆ, ಅದು ಇಂಥದ್ದೇ ಅಂತ ಗುರುತು ಹಿಡಿಯೋದು ಬೇರೆ. 384 ಚುಕ್ಕೆ ಅಗಲದ ಪರದೆಯಲ್ಲಿ ದೂರದ ಹಂದಿ ಅಂದ್ರೆ ನಾಲ್ಕೈದು ಬಿಳಿ ಚುಕ್ಕೆ, ಅಷ್ಟೇ. ಟೆಕ್ಸಸ್ಸಿನ ಸಾವಿರಾರು ಎಕರೆ ರಾಂಚಿನಲ್ಲಿ ಬೇಲಿಯೊಳಗೆ ರಾತ್ರಿ ಎರಡು ಗಂಟೆಗೆ ಬೇರೆ ಮನುಷ್ಯ ಇರಲ್ಲ. ನಮ್ಮಲ್ಲಿ? ಮಧುಗಿರಿ, ಶಿರಾ, ಪಾವಗಡ ಕಡೆ ರಾತ್ರಿ ಹೊಲ ಖಾಲಿ ಇರುತ್ತಾ ಹೇಳಿ. ಗೊಬ್ಬರಕ್ಕೆ ಅಂತ ಕುರಿ ಮಂದೆ ನಿಲ್ಸಿರ್ತಾರೆ, ಮಂದೆ ಪಕ್ಕದಲ್ಲಿ ಕುರಿ ಕಾಯೋನು ಕಂಬಳಿ ಹೊದ್ದು ಮಲಗಿರ್ತಾನೆ, ಕಂಬಳಿ ಒಳಗಿನ ಶಾಖ ಹೊರಗೆ ಅರ್ಧ ಕಾಣುತ್ತೆ ಅರ್ಧ ಕಾಣಲ್ಲ, ಬೋರಿಗೆ ಕರೆಂಟು ರಾತ್ರಿ ಪಾಳಿ ಬಂದಿದ್ರೆ ನೀರು ಕಟ್ಟೋಕೆ ಗಂಡ ಹೆಂಡ್ತಿ ಇಬ್ರೂ ಬದುವಿನ ಮೇಲೆ ಬಗ್ಗಿಕೊಂಡಿರ್ತಾರೆ. ಬಗ್ಗಿದ ಮನುಷ್ಯ ಥರ್ಮಲ್ಲಲ್ಲಿ ನಾಲ್ಕು ಕಾಲಿನ ಹಾಗೇ ಕಾಣ್ತಾನೆ.

ಅಷ್ಟೇ ಅಲ್ಲ, ನಿಮ್ಮ ಕಡೆ ಬೆಟ್ಟದ ಬಂಡೆ ಸಂದೀಲಿ ಕರಡಿ ಇದಾವೆ. ಬಗ್ಗಿಕೊಂಡು ಮಣ್ಣು ಕೆದಕೋ ಕರಡಿ, ಬಗ್ಗಿಕೊಂಡು ಮಣ್ಣು ಕೆದಕೋ ಹಂದಿ, ಶಾಖದ ಚಿತ್ರದಲ್ಲಿ ಅಣ್ಣ ತಮ್ಮ. ಮಧುಗಿರಿ ತಾಲ್ಲೂಕಲ್ಲೇ ಮೈದನಹಳ್ಳಿ ಹತ್ರ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಇದೆ, ಆ ಕಡೆ ಬುಕ್ಕಾಪಟ್ಟಣದಲ್ಲಿ ಚಿಂಕಾರ ಅಭಯಾರಣ್ಯ. ಕರಡಿ, ಕೃಷ್ಣಮೃಗ, ಚಿಂಕಾರ ಮೂರೂ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲು, ಅಂದ್ರೆ ಅತಿ ಹೆಚ್ಚು ರಕ್ಷಣೆ ಇರೋ ಪಟ್ಟಿ. ಅದರಲ್ಲಿ ಒಂದಕ್ಕೆ ಗುಂಡು ತಾಗಿದ್ರೆ ಕಮ್ಮಿ ಅಂದ್ರೂ ಮೂರು ವರ್ಷ, ಜಾಸ್ತಿ ಅಂದ್ರೆ ಏಳು ವರ್ಷ ಜೈಲು, ಹಂದಿ ಅಂದ್ಕೊಂಡೆ ಸ್ವಾಮಿ ಅಂದ್ರೆ ಯಾರೂ ಕೇಳಲ್ಲ.

ನನ್ನದೇ ಒಂದು ಹೇಳ್ತೀನಿ. ನಾನು ಕಾಲೇಜಲ್ಲಿದ್ದಾಗ, ಅಪ್ಪನ ಹೆಸರಲ್ಲಿ ಬೆಳೆ ರಕ್ಷಣೆ ಕೋವಿ ಇತ್ತು, ರಾಗಿ ತೆನೆ ಕಟ್ಟಿದಾಗ ಇಬ್ರೂ ಅಟ್ಟಣೆ ಮೇಲೆ ಕೂರ್ತಿದ್ವಿ. ಕೋವಿ ಇದ್ದಿದ್ದು ಆಕಾಶಕ್ಕೆ ಹೊಡೆದು ಓಡಿಸೋಕೆ. ಒಂದಿನ ಅಪ್ಪ ತೂಕಡಿಸ್ತಿದ್ರು, ತೆನೆ ಅಲ್ಲಾಡ್ತು, ನಾನು ದೊಡ್ಡ ಮನುಷ್ಯನ ಹಾಗೆ ಐದು ಸೆಲ್ಲಿನ ಟಾರ್ಚ್ ಬಿಟ್ಟು ಕೋವಿ ತೆನೆ ಕಡೆಗೇ ತಿರುಗಿಸಿದೆ. ಎರಡು ಕಣ್ಣು ಪಳ್ ಅಂತ ಹೊಳೀತು. ಕೈ ಕುದುರೆ ಮೇಲಿತ್ತು. ಅಪ್ಪ ಕಣ್ಣೇ ಬಿಡದೆ, ಕಣ್ಣು ಹೊಳೀತೇನೋ ಅಂದ್ರು, ಹೂಂ ಅಂದೆ, ಹಂಗಾದ್ರೆ ಹಂದಿ ಅಲ್ಲ ಕಣೋ ಇಳಿಸು ಅಂದ್ರು. ಇಳಿದು ಹೋಗಿ ನೋಡಿದ್ರೆ ಪಕ್ಕದ ಮನೆಯವರ ಕರು, ಹಗ್ಗ ಕಿತ್ಕೊಂಡು ಬಂದಿತ್ತು. ದನ, ನಾಯಿ, ಜಿಂಕೆ, ಚಿರತೆ ಇವೆಲ್ಲದರ ಕಣ್ಣಿನ ಹಿಂದೆ ಬೆಳಕು ವಾಪಸ್ ಎರಚೋ ಪೊರೆ ಇರುತ್ತೆ, ಹಂದಿ ಕಣ್ಣಿಗೆ ಅದಿಲ್ಲ. ಇದನ್ನ ಆಮೇಲೆ ಪುಸ್ತಕದಲ್ಲಿ ಓದಿದೆ, ಅಪ್ಪಂಗೆ ಓದದೇನೇ ಗೊತ್ತಿತ್ತು. ಥರ್ಮಲ್ಲಲ್ಲಿ ಆ ಕಣ್ಣಿನ ಹೊಳಪೂ ಕಾಣಲ್ಲ ಅನ್ನೋದನ್ನ ಯೋಚ್ನೆ ಮಾಡಿ. ನನಗೆ ಆ ಕರು ಉಳಿಸಿಕೊಟ್ಟಿದ್ದು ಐದು ಸೆಲ್ಲಿನ ಟಾರ್ಚು.

ಇನ್ನೊಂದು, ಅಲ್ಲಿನ ಹಂದಿ ಮತ್ತು ನಮ್ಮ ಹಂದಿ ಜಾತಿ ಒಂದೇ ಆದ್ರೂ ಸ್ಥಾನ ಒಂದೇ ಅಲ್ಲ. ಅಮೆರಿಕದ ಕಾಡಲ್ಲಿ ಹಂದಿ ಮೂಲದಲ್ಲಿ ಇರಲೇ ಇಲ್ಲ. ಹದಿನಾರನೇ ಶತಮಾನದಲ್ಲಿ ಸ್ಪೇನಿನವರು ತಂದ ಸಾಕು ಹಂದಿ ತಪ್ಪಿಸ್ಕೊಂಡು ಕಾಡು ಸೇರಿದ್ವು, 1930ರ ದಶಕದಲ್ಲಿ ಟೆಕ್ಸಸ್ಸಿಗೆ ಶೋಕಿಗೆ ಅಂತ ಯುರೋಪಿನ ಕಾಡುಹಂದಿ ತಂದು ಬಿಟ್ರು, ಎರಡೂ ಬೆರೆತ್ವು. ತಿನ್ನೋ ಹುಲಿ ಚಿರತೆ ಇಲ್ಲ, ಕೇಳಬೇಕಾ. ಅದಕ್ಕೆ ಅಲ್ಲಿ ಸರ್ಕಾರನೇ ಹೊಡೀರಪ್ಪ ಅಂತ ಬಾಗಿಲು ತೆಗೆದಿಟ್ಟಿದೆ. ಟೆಕ್ಸಸ್ಸಿನಲ್ಲಿ 2011ರಲ್ಲಿ ಹೆಲಿಕಾಪ್ಟರಿಂದ ಹೊಡೆಯೋಕೂ ದಾರಿ ಮಾಡಿಕೊಟ್ರು, 2019ರಿಂದ ಜಮೀನಿನ ಒಡೆಯನ ಒಪ್ಪಿಗೆ ಇದ್ರೆ ಬೇಟೆ ಲೈಸೆನ್ಸೂ ಬೇಕಾಗಿಲ್ಲ. ಇಷ್ಟೆಲ್ಲ ಮಾಡಿದ್ರೂ ಹಂದಿ ಕಮ್ಮಿ ಆಗಿಲ್ಲ, ತಮಾಷೆ ನೋಡಿ. ಅಲ್ಲಿನ ಕೃಷಿ ವಿಶ್ವವಿದ್ಯಾಲಯದವರ ಅಂದಾಜು ಪ್ರಕಾರ ವರ್ಷಕ್ಕೆ ಮೂರರಲ್ಲಿ ಎರಡು ಭಾಗ ಹಂದಿ ತೆಗೆದ್ರೆ ಮಾತ್ರ ಸಂಖ್ಯೆ ಇದ್ದಲ್ಲಿ ನಿಲ್ಲುತ್ತೆ, ಕೋವೀಲಿ ಅಷ್ಟು ಆಗಲ್ಲ. ಮಿಸೌರಿ ರಾಜ್ಯದಲ್ಲಂತೂ ವನ್ಯ ಇಲಾಖೆಯವರು ಹೊಡೀಬೇಡಿ ಬಲೆ ಹಾಕ್ತೀವಿ ಅಂತಾರೆ, ಯಾಕಂದ್ರೆ ಒಂದು ಬಿದ್ರೆ ಮಿಕ್ಕ ಹಿಂಡು ಚೆದುರಿ ಜಾಣ ಆಗುತ್ತೆ, ಪಕ್ಕದ ಊರಿಗೆ ಹೋಗಿ ಮರಿ ಹಾಕುತ್ತೆ. ಹಿಂಡಿಗೆ ಹಿಂಡನ್ನೇ ದೊಡ್ಡ ದೊಡ್ಡಿಯೊಳಗೆ ಮೇವು ಹಾಕಿ ರೂಢಿ ಮಾಡಿಸಿ ಒಟ್ಟಿಗೆ ಬಾಗಿಲು ಹಾಕೋದು ಅವರ ದಾರಿ. ನಿಮ್ಮ ಅಳಿಯನ ವಿಡಿಯೋದಲ್ಲಿ ಬಿದ್ದ ಹಂದಿ ಕಾಣುತ್ತೆ, ಓಡಿಹೋದ ಹನ್ನೆರಡು ಕಾಣಲ್ಲ.

ನಮ್ಮ ಕಡೆ ಕಾಡುಹಂದಿ ಮೂಲದ ಪ್ರಾಣಿ, ಚಿರತೆಗೆ ಅದರ ಮರಿ ಊಟ. ಚಿರತೆಗೆ ಹಂದಿ ಮರಿ ಸಿಗ್ಲಿಲ್ಲ ಅಂದ್ರೆ ಕೊಟ್ಟಿಗೆಯ ಕರು, ಬೀದಿ ನಾಯಿ ಕಡೆ ತಿರುಗುತ್ತೆ, ನಿಮ್ಮೂರಲ್ಲೂ ನೋಡಿರ್ತೀರ. ಕಾನೂನು ಅಂದ್ರೆ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972. 2022ರಲ್ಲಿ ತಿದ್ದುಪಡಿ ಆಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು, ಆರು ಶೆಡ್ಯೂಲ್ ಇದ್ದಿದ್ದು ನಾಲ್ಕಾಯ್ತು, ಮೂರನೇದರಲ್ಲಿದ್ದ ಹಂದಿ ಎರಡನೇದಕ್ಕೆ ಬಂತು. ಅನುಮತಿ ಇಲ್ದೆ ಹೊಡೆದ್ರೆ ಮೂರು ವರ್ಷದವರೆಗೆ ಜೈಲು ಇಲ್ಲಾ ಒಂದು ಲಕ್ಷದವರೆಗೆ ದಂಡ, ಎರಡೂ ಆದ್ರೂ ಆಗಬಹುದು. ಬಿಹಾರ, ಉತ್ತರಾಖಂಡದಲ್ಲಿ ಹಂದೀನ ಉಪದ್ರವ ಪ್ರಾಣಿ ಅಂತ ಕೇಂದ್ರ ಘೋಷಿಸಿತ್ತಲ್ಲ ಅಂತ ಕೆಲವರು ವಾದ ಮಾಡ್ತಾರೆ, ಅದು ಆಯಾ ಜಿಲ್ಲೆಗೆ, ಇಂತಿಷ್ಟು ದಿನಕ್ಕೆ ಅಂತ ಮಾತ್ರ ಇದ್ದಿದ್ದು, ನಮ್ಮ ತುಮಕೂರಿಗೆ ಹಾರ್ಕೊಂಡು ಬರಲ್ಲ.

ಹಾಗಂತ ಕಾನೂನು ಬಾಗಿಲು ಪೂರ್ತಿ ಹಾಕಿಲ್ಲ. ಅದೇ ಕಾಯ್ದೆಯ 11ನೇ ಸೆಕ್ಷನ್ ನೋಡಿ, ಎರಡನೇ ಶೆಡ್ಯೂಲಿನ ಪ್ರಾಣಿ ಜೀವಕ್ಕೋ ಆಸ್ತಿಗೋ ಅಪಾಯ ಆದ್ರೆ, ಆಸ್ತಿ ಅಂದ್ರೆ ಹೊಲದಲ್ಲಿ ನಿಂತ ಬೆಳೆಯೂ ಸೇರಿ ಅಂತ ಅದರಲ್ಲೇ ಬರೆದಿದೆ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು ಇಂಥ ಜಾಗದಲ್ಲಿ ಇಂಥವರು ಹೊಡೀಬಹುದು ಅಂತ ಲಿಖಿತ ಆದೇಶ ಕೊಡಬಹುದು. ಬಾಯಿಮಾತಲ್ಲಿ ಗಾರ್ಡು ಹೂಂ ಅಂದ್ರು ಅನ್ನೋದು ಆದೇಶ ಅಲ್ಲ. ಒಬ್ಬರೇ ಹೋಗಿ ಕೇಳಿದ್ರೆ ಸುಸ್ತಾಗ್ತೀರ, ಪಂಚಾಯ್ತಿಯಿಂದ ಹತ್ತಾರು ರೈತರು ಸೇರಿ ಹಾನಿಯ ಫೋಟೋ, ಪಹಣಿ ಜೊತೆ ವಲಯ ಅರಣ್ಯಾಧಿಕಾರಿ, ಅಂದ್ರೆ ಆರ್‌ಎಫ್‌ಒಗೆ ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ.

ಕೋವಿ ವಿಷಯಕ್ಕೆ ಬರೋಣ. ಶಸ್ತ್ರಾಸ್ತ್ರ ಕಾಯ್ದೆ 1959ರ 13ನೇ ಸೆಕ್ಷನ್ನಿನಲ್ಲಿ 20 ಇಂಚಿಗೆ ಕಮ್ಮಿ ಇಲ್ಲದ ನಯ ನಳಿಗೆಯ (ಒಳಗೆ ಗೀರಿಲ್ಲದ) ಕೋವಿ ನಮ್ಮ ರಕ್ಷಣೆಗೆ, ಮದ್ದು ತುಂಬೋ ಕೋವಿ ಬೆಳೆ ರಕ್ಷಣೆಗೆ ಅಂತ ಹೆಸರಿಟ್ಟು ಹೇಳಿದೆ. ನಿಮ್ಮ ಜೋಡಿ ನಳಿಗೆ ಆ ಮೊದಲನೇ ಜಾತಿ. ಆದ್ರೆ ಕೋವಿಗೆ ಲೈಸೆನ್ಸ್ ಇದೆ ಅಂದ್ರೆ ಹಂದಿಗೆ ಲೈಸೆನ್ಸ್ ಇದೆ ಅಂತ ಅಲ್ಲ, ಇದನ್ನ ಗಂಟು ಹಾಕೊಳ್ಳಿ, ಬಹಳ ಜನ ಇಲ್ಲೇ ಎಡವೋದು. ಎರಡೂ ಬೇರೆ ಬೇರೆ ಕಾಯ್ದೆ, ಬೇರೆ ಬೇರೆ ಕಚೇರಿ. ಸೈಲೆನ್ಸರು ನಮ್ಮಲ್ಲಿ ನಿಷೇಧಿತ ವರ್ಗ. ನಳಿಗೆ ಗಿಡ್ಡ ಮಾಡೋದು, ಬೇರೆ ತೋಟಾಗೆ ಬದಲಾಯಿಸೋದು, ವೆಲ್ಡಿಂಗ್ ಅಂಗಡೀಲಿ ಏನೋ ಕೂರಿಸೋದು ಇವೆಲ್ಲ ಸೆಕ್ಷನ್ 5, 6ರ ಕೆಳಗೆ ಬರುತ್ತೆ, 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ಇಲ್ದೆ ಕೋವಿ ತಯಾರು ಮಾಡಿದ್ರೆ ಕಮ್ಮಿ ಅಂದ್ರೂ ಏಳು ವರ್ಷ, ಜೀವಾವಧಿವರೆಗೂ ಹೋಗಬಹುದು. ಕೊಡಗಿನವರಿಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ ಅಂತ ಇಲ್ಲಿ ಉದಾಹರಣೆ ಕೊಡಬೇಡಿ, ಅದು ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ ಮಾತ್ರ. ಸ್ಕೋಪು ಕೂರಿಸೋ ಆಸೆ ಅಂತೂ ನಿಮ್ಮ ಕೋವೀಲಿ ಅರ್ಥವೇ ಇಲ್ಲದ್ದು, ಹನ್ನೆರಡು ಬೋರಿನ ಚರೆ 40 ಗಜ ದಾಟಿದ್ರೆ ಹರಡಿ ಹೋಗುತ್ತೆ, ಹಂದಿಗೆ ಗಾಯ ಆಗುತ್ತೆ ಸಾಯಲ್ಲ, ಗಾಯಗೊಂಡ ಗಂಡು ಹಂದಿ ಬೆಳಿಗ್ಗೆ ಪೊದೆಯಿಂದ ಎದ್ರೆ ಅದರ ಕೋರೆಗೆ ಮೊದಲು ಸಿಗೋದು ಹುಲ್ಲು ಕೊಯ್ಯೋಕೆ ಹೋದ ಹೆಂಗಸರ ತೊಡೆ. ಅಳಿಯ ಬರ್ಲಿ, ಚಾಕಲೇಟ್ ತರ್ಲಿ.

ಈ ವರ್ಷದ ಕಡ್ಲೆಕಾಯಿಗೆ ಏನು ಮಾಡೋದು ಅಂದ್ರೆ, ಹಾನಿ ಆದ ಬೆಳಿಗ್ಗೆನೇ ಫೋಟೋ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ, ಇ-ಪರಿಹಾರ ಅಂತ ವ್ಯವಸ್ಥೆ ಇದೆ. ಎರಡು ದಿನ ಬಿಟ್ಟು ಹೋದ್ರೆ ಹೆಜ್ಜೆ ಗುರುತು ಅಳಿಸಿರುತ್ತೆ, ಹಂದೀನೋ ದನಾನೋ ಅಂತ ಕೇಳ್ತಾರೆ. ಮುಂದಿನ ವರ್ಷ ಬಿತ್ತೋವಾಗ ಬೆಟ್ಟದ ಕಡೆ ಬದುವಿಗೆ ಹರಳು ಎರಡು ಮೂರು ಸಾಲು ಒತ್ತಾಗಿ ಹಾಕಿ. ಹಿಂದೆ ಅಕ್ಕಡಿ ಸಾಲಲ್ಲಿ ಹರಳು ಹಾಕ್ತಿದ್ರಲ್ಲ ಹಿರಿಯರು, ಬರೀ ಎಣ್ಣೆಗಲ್ಲ. ಹಂದಿ ಅದನ್ನ ತಿನ್ನಲ್ಲ, ಅದರ ವಾಸನೆ ಒಳಗಿನ ಕಾಯಿ ವಾಸನೇನ ಮರೆ ಮಾಡುತ್ತೆ. ಸೀರೆ ಕಟ್ಟೋದು, ಬಾಟ್ಲಿ ಕಟ್ಟೋದು, ಮೈಕಲ್ಲಿ ನಾಯಿ ಬೊಗಳಿಸೋದು ಇವೆಲ್ಲ ಒಂದು ವಾರದ ಆಟ, ಜಾಗ ಸದ್ದು ಬದಲಾಯಿಸ್ತಾ ಇದ್ರೆ ಎರಡು ವಾರ. ಗಟ್ಟಿ ಉಪಾಯ ಬೇಲಿ, ಅದಕ್ಕೆ ಕೆಳಗಿನ ಉತ್ತರ ನೀವೂ ಓದಿ.

ಪ್ರಶ್ನೆ: ಗೌರಿಬಿದನೂರು ಕಡೆ ನಮ್ಮ ಜೋಳದ ಹೊಲಕ್ಕೆ ಸೋಲಾರ್ ಬೇಲಿ ಹಾಕ್ಸಿದೆ, ಮೊದಲ ತಿಂಗಳು ಚೆನ್ನಾಗಿತ್ತು, ಈಗ ಹಂದಿ ಕೆಳಗಿಂದ ಆರಾಮಾಗಿ ನುಗ್ತಾವೆ. ಪಕ್ಕದ ಹೊಲದ ಅಣ್ಣ ಇದೆಲ್ಲ ದಂಡ, ರಾತ್ರಿ ಪಂಪ್‌ಸೆಟ್ ಲೈನಿಂದ ಡೈರೆಕ್ಟಾಗಿ ತಂತಿಗೆ ಕೊಡು ಅಂತಿದಾರೆ. – ಓದುಗ, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಪಕ್ಕದ ಹೊಲದ ಅಣ್ಣನ ಮಾತು ಕೇಳಿದ್ರೆ ಮೊದಲು ಸಾಯೋದು ಆ ಅಣ್ಣನ ಮಗನೇ ಇರಬಹುದು. ಡೈರೆಕ್ಟ್ ಲೈನ್ ಬಿಡದೆ ಹಿಡ್ಕೊಳ್ಳುತ್ತೆ, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ತಂತಿ ಮುಟ್ಟಿದೋನು ಏಳಲ್ಲ. ಹಂದಿಗೆ ಅಂತ ಹಾಕಿದ ತಂತಿಗೆ ನೀರು ಕಟ್ಟೋಕೆ ಹೋದ ಮನೆಯವರೇ ಬಲಿಯಾದ ಸುದ್ದಿ ನಾವು ಎಷ್ಟು ಓದಿಲ್ಲ. ಕರೆಂಟ್ ಕಳ್ಳತನದ ಕೇಸು ಒಂದು, ಸತ್ತರೆ ಕೊಲೆಯಲ್ಲದ ನರಹತ್ಯೆ ಕೇಸು ಇನ್ನೊಂದು. ಸೋಲಾರ್ ಬೇಲಿ ಯಂತ್ರದಲ್ಲಿ ವೋಲ್ಟೇಜ್ ಸಾವಿರಾರು ಇದ್ರೂ ಅದು ಸೆಕೆಂಡಿಗೆ ಒಂದು ಸಲ, ಅದೂ ಕಣ್ಣು ಮಿಟುಕಿಸೋದಕ್ಕಿಂತ ಎಷ್ಟೋ ಕಮ್ಮಿ ಹೊತ್ತು ಬಡಿದು ಬಿಡುತ್ತೆ, ಬೆಚ್ಚಿ ಹಿಂದೆ ಸರಿಯೋಕೆ ಟೈಮ್ ಸಿಗುತ್ತೆ. ವ್ಯತ್ಯಾಸ ಇರೋದೇ ಅಲ್ಲಿ.

ಈಗ ನಿಮ್ಮ ಬೇಲಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಬೇಲಿ ಕೆಡೋದು ಹುಲ್ಲಿಂದ. ಮಳೆ ಬಂತು, ಹುಲ್ಲು ಬೆಳೀತು, ಕೆಳಗಿನ ತಂತಿಗೆ ತಾಗ್ತು, ಕರೆಂಟೆಲ್ಲ ಹುಲ್ಲಿನ ಮೂಲಕ ನೆಲಕ್ಕೆ ಸೋರಿ ಹೋಯ್ತು. ಮೊದಲ ತಿಂಗಳು ಚೆನ್ನಾಗಿತ್ತು ಅಂತೀರಲ್ಲ, ಅದಕ್ಕೇ ಈ ಅನುಮಾನ. ಬೇಲಿ ಕೆಳಗೆ ಎರಡಡಿ ಪಟ್ಟೆ ಸವರಿ ಇಡಿ, ಹದಿನೈದು ದಿನಕ್ಕೊಂದು ಸಲ. ಎರಡನೇದು ಎತ್ತರ. ಬೇಲಿ ಹಾಕೋರು ದನದ ಲೆಕ್ಕದಲ್ಲಿ ಮೊದಲ ತಂತಿ ಒಂದೂವರೆ ಅಡಿಗೆ ಎಳೀತಾರೆ, ಹಂದಿ ಮೂತಿ ನೆಲದಲ್ಲೇ ಇರುತ್ತಲ್ಲ. ಮೊದಲ ತಂತಿ ನೆಲದಿಂದ ಆರರಿಂದ ಎಂಟು ಇಂಚು, ಅದರ ಮೇಲೆ ಇನ್ನೊಂದು ಎಂಟು ಹತ್ತು ಇಂಚಿಗೆ ಎರಡನೇದು. ಹಂದಿಗೆ ತಾಗಬೇಕಾಗಿರೋದು ಮೂತಿಗೆ, ಬೆನ್ನಿನ ಒರಟು ಕೂದಲಿಗೆ ತಾಗಿದ್ರೆ ಕಚಗುಳಿ ಇಟ್ಟಂಗೆ ಇನ್ನೂ ಮುಂದಕ್ಕೇ ನುಗ್ಗುತ್ತೆ.

ಮೂರನೇದು ಅರ್ಥಿಂಗ್, ಇದನ್ನ ಯಾರೂ ನೋಡಲ್ಲ. ಕರೆಂಟು ತಂತಿಯಿಂದ ಹಂದಿ ಮೈಗೆ, ಅಲ್ಲಿಂದ ನೆಲಕ್ಕೆ, ನೆಲದಿಂದ ವಾಪಸ್ ಯಂತ್ರಕ್ಕೆ ಬಂದ್ರೆ ತಾನೇ ಹೊಡೆತ. ನಮ್ಮ ಕಡೆ ಕೆಂಪು ಮಣ್ಣು, ಗರಸು, ಒಣಗಿದ್ರೆ ಇಟ್ಟಿಗೆ ಥರ, ಕರೆಂಟ್ ಓಡಲ್ಲ. ಆರಡಿ ಉದ್ದದ ಮೂರು ಪೈಪ್ ಹತ್ತತ್ತು ಅಡಿ ದೂರಕ್ಕೆ ಹೊಡೆದು ಜೋಡಿಸಿ, ಬೋರಿನ ನೀರು ಸೋರೋ ತೇವದ ಜಾಗ ಇದ್ರೆ ಅಲ್ಲೇ ಹೊಡೀರಿ. ಆಗ್ಲೂ ಬೇಸಿಗೇಲಿ ಹೊಡೆತ ಕಮ್ಮಿ ಅನ್ನಿಸಿದ್ರೆ ಒಂದು ತಂತಿ ಲೈನು, ಅದರ ಪಕ್ಕದ್ದು ಅರ್ಥ್ ಅಂತ ಬಿಟ್ಟು ಬಿಟ್ಟು ಕೊಡಿ, ಮೂತಿ ಎರಡಕ್ಕೂ ತಾಗಿದ್ರೆ ನೆಲದ ಹಂಗೇ ಇರಲ್ಲ. ಬೇಲಿ ಟೆಸ್ಟರ್ ಅಂತ ಸಣ್ಣ ಮೀಟರ್ ಸಿಗುತ್ತೆ, ಯಂತ್ರದ ಹತ್ರ ನೋಡೋದಲ್ಲ, ಬೇಲಿಯ ಕೊನೇ ಮೂಲೇಲಿ ನೋಡಿ, ಅಲ್ಲಿ 4,000 ವೋಲ್ಟ್ ಮೇಲಿದ್ರೆ ನೆಮ್ಮದಿ. ಸಹಾಯಧನ ಈ ವರ್ಷ ಇದೆಯಾ ಅಂತ ಅರಣ್ಯ ಇಲಾಖೆ, ತೋಟಗಾರಿಕೆ ಎರಡೂ ಕಚೇರೀಲಿ ಕೇಳಿ, ವರ್ಷ ವರ್ಷ ಬದಲಾಗುತ್ತೆ.

ಪ್ರಶ್ನೆ: ನಮ್ಮ ತಾತನ ಹೆಸರಲ್ಲಿ ಮದ್ದು ತುಂಬೋ ಒಂಟಿ ನಳಿಗೆ ಕೋವಿ ಇದೆ. ತಾತ ತೀರ್ಕೊಂಡು ಏಳು ತಿಂಗಳಾಯ್ತು, ಕೋವಿ ಅಟ್ಟದ ಮೇಲಿದೆ. ಏನ್ ಮಾಡೋದು? – ಓದುಗ, ಮುಳಬಾಗಿಲು

ಉತ್ತರ: ಇವತ್ತೇ ಇಳಿಸಿ ಸ್ಟೇಷನ್ನಿಗೆ ಇಲ್ಲಾ ಲೈಸೆನ್ಸ್ ಇರೋ ಕೋವಿ ಅಂಗಡಿಗೆ ಡೆಪಾಸಿಟ್ ಮಾಡಿ, ರಸೀದಿ ಇಸ್ಕೊಳ್ಳಿ. ಲೈಸೆನ್ಸ್ ಇದ್ದಿದ್ದು ತಾತನಿಗೆ, ಅಟ್ಟಕ್ಕಲ್ಲ. ಆಮೇಲೆ ಮರಣ ಪತ್ರ, ವಂಶವೃಕ್ಷ, ಮಿಕ್ಕ ವಾರಸುದಾರರ ಒಪ್ಪಿಗೆ ಜೊತೆ ಡಿಸಿ ಆಫೀಸಿಗೆ ಅರ್ಜಿ ಹಾಕಿ. 2016ರ ಶಸ್ತ್ರಾಸ್ತ್ರ ನಿಯಮದಲ್ಲಿ ವಾರಸುದಾರರಿಗೆ ವರ್ಗಾವಣೆಗೆ ದಾರಿ ಇದೆ, ಲೈಸೆನ್ಸ್‌ದಾರರು ಬದುಕಿದ್ದಾಗಲೇ 70 ವರ್ಷ ತುಂಬಿದ್ರೆ ಅಥವಾ ಕೋವಿ 25 ವರ್ಷ ಇಟ್ಕೊಂಡಿದ್ರೆ ಆಗಲೂ ಮಾಡ್ಬಹುದಿತ್ತು, ಮನೇಲಿ ವಯಸ್ಸಾದೋರ ಹೆಸರಲ್ಲಿ ಕೋವಿ ಇರೋ ಬೇರೆ ಓದುಗರು ಗಮನಿಸಿ. ಚುನಾವಣೆ ಬಂದಾಗೆಲ್ಲ ಹೊತ್ಕೊಂಡು ಹೋಗಿ ಸ್ಟೇಷನ್ನಿಗೆ ಕೊಟ್ಟು ಬರಬೇಕು, ಅದೇ ಹೊತ್ತಿಗೆ ಹಂದಿ ಬರುತ್ತೆ, ಆ ಗೋಳು ಎಲ್ಲಾರದ್ದೂ.

ಪ್ರಶ್ನೆ: ಬಾವಿಗೆ ಬಿದ್ದು ಸತ್ತ ಕಾಡುಹಂದಿ ಮಾಂಸ ಹಂಚ್ಕೋಬಹುದಾ? ನಾವ್ಯಾರೂ ಹೊಡೆದಿಲ್ಲ. – ಓದುಗ, ಶ್ರೀನಿವಾಸಪುರ

ಉತ್ತರ: ಇಲ್ಲ. ಸತ್ತ ಹಂದೀನೂ ಸರ್ಕಾರದ್ದೇ, ಮಾಂಸನೂ ಸರ್ಕಾರದ್ದೇ. ಅರಣ್ಯ ಇಲಾಖೆಗೆ ಫೋನ್ ಮಾಡಿ, ಬಾವಿಗೆ ಕಟ್ಟೆ ಕಟ್ಟಿಸಿ.

ಪ್ರಶ್ನೆ: ಸರ್, ನಾನು ತುಮಕೂರಲ್ಲಿ ಡಿಗ್ರಿ ಓದ್ತಿದೀನಿ, ಊರಿಗೆ ಹೋದಾಗ ಹಂದಿ ಓಡಿಸೋಕೆ ಏರ್ ರೈಫಲ್ ತಗೊಳ್ಳೋಣ ಅಂತ. ಅದಕ್ಕೆ ಲೈಸೆನ್ಸ್ ಬೇಡ್ವಂತಲ್ಲ?

ಉತ್ತರ: ಬೇಡ, 0.177 ಇಂಚು ಬೋರಿನ, 20 ಜೂಲ್‌ಗಿಂತ ಕಮ್ಮಿ ಶಕ್ತೀದಕ್ಕೆ ಬೇಡ. 20 ಜೂಲ್ ಅಂದ್ರೆ ಎಷ್ಟು ಗೊತ್ತಾಗ್ಲಿ ಅಂತ ಹೇಳ್ತೀನಿ, ಮೇಲಿನ ಯಜಮಾನರ ಅಳಿಯನ ರೈಫಲ್ಲಿನ ಹಗುರ ಗುಂಡಿನ ಶಕ್ತಿ 1,800 ಜೂಲ್ ಮೇಲೆ. ನಿಮ್ಮ ಪೆಲೆಟ್ಟು ಹಂದಿಗೆ ಸೊಳ್ಳೆ, ಆದ್ರೆ ತಾಗಿ ಕಣ್ಣು ಹೋಯ್ತು ಅಂದ್ರೆ ಕೇಸು ಅದೇ ಕೇಸು, ವನ್ಯಜೀವಿ ಕಾಯ್ದೇಲಿ ಗಾಯ ಮಾಡೋದೂ ಬೇಟೆನೇ. ಗುರಿ ಹಿಡಿಯೋ ಹುಚ್ಚು ನಿಜವಾಗ್ಲೂ ಇದ್ರೆ ಅದೇ ಏರ್ ರೈಫಲ್ ತಗೊಂಡು ಯಾವುದಾದ್ರೂ ಶೂಟಿಂಗ್ ಕ್ಲಬ್ಬಿಗೆ ಸೇರಿ, 10 ಮೀಟರ್ ದೂರ, ಮಧ್ಯದ ಚುಕ್ಕೆ ಅರ್ಧ ಮಿಲಿಮೀಟರ್. ಒಂದು ವಾರ ಉಸಿರು ಹಿಡಿದು ನಿಂತು ನೋಡಿ, ಆಮೇಲೆ ಇನ್ನೊಂದು ಕಾಗದ ಬರೀರಿ.